ಘಟ್ಟದ ನೀರು, ಗಿರಣಿಯ ಹೊಗೆ: ಜಮಶೇಟಜಿ ಟಾಟಾ ಅವರ ಜೀವನ

ಊರು ಬಿಟ್ಟು ಊರಿಗೆ ಬಂದ ನಾವು ವರ್ಷಕ್ಕೊಮ್ಮೆ ರಾಜ್ಯೋತ್ಸವದ ನಿಮಿತ್ತ ಒಂದೆಡೆ ಕೂಡಿ ತಾಯ್ನಾಡಿನ ಹಿರಿಯರನ್ನು ನೆನೆಯುವುದು ವಾಡಿಕೆ. ಅದು ಯೋಗ್ಯವೇ ಸರಿ. ಆದರೆ ನಮಗೆ ಅನ್ನ ನೆರಳುಗಳನ್ನು ಕೊಟ್ಟ ಈ ಮುಂಬಯಿ ನಗರವನ್ನು ಕಟ್ಟಿದವರಲ್ಲಿ ಒಬ್ಬರನ್ನಾದರೂ ಅದೇ ಪಂಕ್ತಿಯಲ್ಲಿ ಕೂಡಿಸಿ ಸ್ಮರಿಸದೆ ಹೋದರೆ ಉಂಡ ಮನೆಯ ಋಣವನ್ನು ಮರೆತಂತಾದೀತು. ಹಾಗೆಂದೇ ಈ ಸಲದ ಸಂಚಿಕೆಗಾಗಿ ನಾವು ಜಮಶೇಟಜಿ ನಸರವಾನಜಿ ಟಾಟಾ ಅವರ ಜೀವನವನ್ನು ಆರಿಸಿಕೊಂಡಿದ್ದೇವೆ. ಅವರ ಹೆಸರನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಉಕ್ಕಿನ ಮೇಲೂ ಆ ಹೆಸರಿದೆ, ಉಪ್ಪಿನ ಮೇಲೂ ಇದೆ. ಆದರೆ ಅವರ ಕನಸುಗಳಲ್ಲಿ ಒಂದರ ಫಲವನ್ನು ನಾವು ದಿನವೂ ಉಣ್ಣುತ್ತಿದ್ದರೂ ಅದರ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳಿದ್ದು ಕಡಿಮೆ. ಕಲ್ಲಿದ್ದಲನ್ನು ಸುಡದೆ ಮುಂಬಯಿಯ ಗಿರಣಿಗಳನ್ನು ನಡೆಸಬೇಕೆಂಬುದು ಆ ಕನಸು.

ಪುಣೆಯ ಮಾರ್ಗವಾಗಿ ಬಸ್ಸಿನಲ್ಲಿ ಬೋರಘಾಟವನ್ನಿಳಿದು ಮುಂಬಯಿಗೆ ಬರುವ ನಮ್ಮವರು, ಖೋಪೋಲಿಯ ಹತ್ತಿರ ಗುಡ್ಡದ ನೆತ್ತಿಯಿಂದ ತಪ್ಪಲಿನವರೆಗೆ ಹೆಬ್ಬಾವಿನಂತೆ ಮಲಗಿರುವ ಉಕ್ಕಿನ ಕೊಳವೆಗಳನ್ನು ಕಂಡಿರಬಹುದು. ಘಟ್ಟದ ಮೇಲೆ ಲೋಣಾವಳೆಯ ಸುತ್ತ ಮಳೆಗಾಲದ ನಾಲ್ಕು ತಿಂಗಳಲ್ಲಿ ಸುರಿಯುವ ನೀರನ್ನು ಕೆರೆಗಳಲ್ಲಿ ಹಿಡಿದಿಟ್ಟು, ವರ್ಷದ ಉಳಿದ ದಿನಗಳಲ್ಲೂ ಈ ಕೊಳವೆಗಳ ಮೂಲಕ ಸುಮಾರು 1,700 ಅಡಿ ಕೆಳಕ್ಕೆ ಧುಮುಕಿಸಿ, ಆ ರಭಸದಿಂದ ಚಕ್ರಗಳನ್ನು ತಿರುಗಿಸಿ ವಿದ್ಯುತ್ತನ್ನು ಪಡೆಯುವ ಏರ್ಪಾಡು ಅದು. ನೂರು ವರ್ಷಗಳಿಗೂ ಮಿಕ್ಕಿ ಅದು ನಡೆದು ಬಂದಿದೆ. ಅದನ್ನು ಮೊದಲು ಮನಸ್ಸಿನಲ್ಲಿ ಕಂಡವರು ಜಮಶೇಟಜಿ. ಕಣ್ಣಿನಿಂದ ಕಾಣುವ ಭಾಗ್ಯ ಮಾತ್ರ ಅವರಿಗೆ ಒದಗಲಿಲ್ಲ.

ಜಮಶೇಟಜಿಯವರು ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ. ತಲೆತಲಾಂತರದಿಂದ ಪಾರಸಿಗಳ ಪೌರೋಹಿತ್ಯವನ್ನು ನಡೆಸಿಕೊಂಡು ಬಂದ ಮನೆತನ. ತಂದೆ ನಸರವಾನಜಿಯವರು ಮಾತ್ರ ಆ ವೃತ್ತಿಯನ್ನು ಬಿಟ್ಟು ವ್ಯಾಪಾರಕ್ಕೆಂದು ಮುಂಬಯಿಗೆ ಬಂದರು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಮಗನೂ ಅವರನ್ನು ಹಿಂಬಾಲಿಸಿದ. ಹೊಟ್ಟೆಪಾಡಿಗಾಗಿ ಹುಟ್ಟೂರು ಬಿಟ್ಟು ಈ ನಗರಕ್ಕೆ ಬಂದವರ ಸಾಲಿನಲ್ಲಿ ಟಾಟಾ ಮನೆತನವೂ ಒಂದೆಂಬುದನ್ನು ನಾವು ಮರೆಯಬಾರದು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1858ರಲ್ಲಿ ವಿದ್ಯಾಭ್ಯಾಸ ಮುಗಿಸಿದ ತರುಣ ಜಮಶೇಟಜಿ ತಂದೆಯ ಅಂಗಡಿಯನ್ನು ಸೇರಿದರು. ವ್ಯಾಪಾರದ ಸಲುವಾಗಿ ಹಾಂಗ್‌ಕಾಂಗಿಗೆ ಹೋಗಿ ಬಂದರು. ಅಮೇರಿಕದ ಅಂತರ್ಯುದ್ಧದ ಕಾಲದಲ್ಲಿ ಮುಂಬಯಿಯ ಹತ್ತಿಗೆ ಬಂಗಾರದ ಬೆಲೆ ಬಂದು, 1865ರಲ್ಲಿ ಯುದ್ಧ ನಿಂತೊಡನೆ ಆ ಬೆಲೆ ನೆಲಕ್ಕಿಳಿಯಿತು. ಅನೇಕ ಮನೆತನಗಳು ಒಂದೇ ದಿನದಲ್ಲಿ ಬೀದಿಗೆ ಬಂದವು. ಟಾಟಾ ಮನೆತನವೂ ಪೆಟ್ಟು ತಿಂದಿತು. ಏರಿದ್ದು ಇಳಿಯಬಲ್ಲದೆಂಬ ಪಾಠವನ್ನು ಅವರು ಕಲಿತದ್ದು ಹೀಗೆ.

1868ರಲ್ಲಿ 21,000 ರೂಪಾಯಿಗಳ ಬಂಡವಾಳದೊಡನೆ ಅವರು ಸ್ವಂತ ವ್ಯಾಪಾರವನ್ನು ಆರಂಭಿಸಿದರು. ಮರುವರ್ಷ ಚಿಂಚಪೋಕಳಿಯಲ್ಲಿ ದಿವಾಳಿಯೆದ್ದಿದ್ದ ಒಂದು ಎಣ್ಣೆ ಗಿರಣಿಯನ್ನು ಕೊಂಡು ಅದನ್ನು ಬಟ್ಟೆಯ ಗಿರಣಿಯನ್ನಾಗಿ ಮಾರ್ಪಡಿಸಿ, ಎರಡು ವರ್ಷಗಳಲ್ಲಿ ಲಾಭಕ್ಕೆ ಮಾರಿದರು. ಬಳಿಕ ಲ್ಯಾಂಕಾಶಾಯರಿಗೆ ಹೋಗಿ ನೂಲಿನ ಕಸುಬನ್ನು ಬೇರುಸಹಿತ ನೋಡಿಕೊಂಡು ಬಂದರು. ಎಲ್ಲರೂ ಮುಂಬಯಿಯಲ್ಲಿಯೇ ಗಿರಣಿ ಕಟ್ಟುತ್ತಿದ್ದಾಗ ಇವರು ನಾಗಪುರವನ್ನು ಆರಿಸಿದರು. ಹತ್ತಿ ಬೆಳೆಯುವ ನೆಲ ಅಲ್ಲಿ ಸಮೀಪ, ಕಲ್ಲಿದ್ದಲಿನ ಗಣಿಯೂ ಸಮೀಪ. ಅಲ್ಲಿಯ ಎಂಪ್ರೆಸ್ ಮಿಲ್ಲು 1877ರ ಜನವರಿ 1ರಂದು ಆರಂಭವಾಯಿತು. ಹೊಸ ನಮೂನೆಯ ಕದಿರುಗಳು, ಗಾಳಿಗೆ ತೇವ ಕೊಡುವ ಯಂತ್ರಗಳು, ಬೆಂಕಿಯಾರಿಸುವ ಸಲಕರಣೆ ಎಲ್ಲವೂ ಅಲ್ಲಿಗೆ ಬಂದವು. ಕಾಯದೆ ಒತ್ತಾಯಿಸುವುದಕ್ಕೆ ಎಷ್ಟೋ ಮೊದಲು, 1886ರಲ್ಲಿ ಕೆಲಸಗಾರರಿಗೆ ಪಿಂಚಣಿ ನಿಧಿಯೂ 1895ರಲ್ಲಿ ಅಪಘಾತಕ್ಕೆ ಪರಿಹಾರವೂ ಅಲ್ಲಿ ಜಾರಿಯಾದವು.

ಈ ನಾಗಪುರದ ಆಯ್ಕೆಯಲ್ಲಿಯೇ ನಮ್ಮ ಕಥೆಯ ಬೀಜವಿದೆ. ಕಲ್ಲಿದ್ದಲು ಹತ್ತಿರವಿದ್ದರೆ ಗಿರಣಿ ಬದುಕುತ್ತದೆ, ದೂರವಿದ್ದರೆ ಬಳಲುತ್ತದೆ ಎಂಬ ಲೆಕ್ಕ ಜಮಶೇಟಜಿಯವರಿಗೆ ಅಲ್ಲಿ ಚೆನ್ನಾಗಿ ಮನದಟ್ಟಾಯಿತು. ಮುಂಬಯಿಯ ಪಾಡು ಇದಕ್ಕೆ ವಿರುದ್ಧವಾಗಿತ್ತು. ಇಲ್ಲಿ ಹತ್ತಿಯಿತ್ತು, ಬಂದರಿತ್ತು, ದುಡಿಯುವ ಕೈಗಳಿದ್ದವು. ಕಲ್ಲಿದ್ದಲು ಮಾತ್ರ ಒಂದು ಹಿಡಿಯೂ ಇರಲಿಲ್ಲ. ಬಂಗಾಲದ ಕಡೆಯಿಂದಲೋ, ಸಮುದ್ರ ದಾಟಿ ಇಂಗ್ಲಂಡಿನಿಂದಲೋ ಅದು ಬರಬೇಕಾಗಿತ್ತು. 1886ರಲ್ಲಿ ಅವರು ಕುರ್ಲೆಯಲ್ಲಿ ಸೋತು ಸುಣ್ಣವಾಗಿದ್ದ ಒಂದು ಗಿರಣಿಯನ್ನು ಕೊಂಡು ಅದಕ್ಕೆ ಸ್ವದೇಶಿ ಮಿಲ್ಲು ಎಂದು ಹೆಸರಿಟ್ಟರು. ಹಳೆಯ ಯಂತ್ರಗಳಿದ್ದ ಆ ಗಿರಣಿಯನ್ನು ಮೇಲಕ್ಕೆತ್ತಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ.

ಆಗಿನ ಗಿರಣಿಯ ಒಳಗು ಹೇಗಿತ್ತೆಂಬುದನ್ನು ಇಂದಿನ ಮಕ್ಕಳಿಗೆ ಸ್ವಲ್ಪ ವಿವರಿಸಬೇಕು. ಕಲ್ಲಿದ್ದಲಿನ ಒಲೆಯ ಮೇಲೆ ದೊಡ್ಡ ಕೊಪ್ಪರಿಗೆ; ಅದರ ಉಗಿಯಿಂದ ತಿರುಗುವ ಒಂದೇ ಒಂದು ಎಂಜಿನು; ಆ ಎಂಜಿನಿನ ಮಹಾಚಕ್ರದಿಂದ ಹಗ್ಗಗಳ, ಉದ್ದನೆಯ ದಂಡಗಳ ಮೂಲಕ ಅಂತಸ್ತು ಅಂತಸ್ತಿಗೂ ಹಬ್ಬುವ ಚಲನೆ. ಹಾದಿಯಲ್ಲಿ ಸೋರಿ ಹೋಗುವ ಶಕ್ತಿಯೇ ಬಹಳ. ಸುಟ್ಟ ಕಲ್ಲಿದ್ದಲು ಚಿಮಣಿಯ ಬಾಯಿಂದ ಹೊರಬಿದ್ದು ಪರಳ, ಲಾಲಬಾಗ, ಭಾಯಖಳಗಳ ಚಾಳುಗಳ ಮೇಲೆ ಮಸಿಯಾಗಿ ಇಳಿಯುತ್ತಿತ್ತು. ಒಣಹಾಕಿದ ಬಟ್ಟೆಯ ಮೇಲೆ, ನೀರಿನ ಹಂಡೆಯ ಮೇಲೆ, ಮಕ್ಕಳ ಎದೆಯೊಳಗೆ ಕೂಡ. ಈ ಮಸಿಯ ಪಾಲು ಗಿರಣಿಯ ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಚಾಳಿನ ಬಡವನೇ ಅದನ್ನು ತೆರುತ್ತಿದ್ದ.

ಇದಕ್ಕೆ ಪರಿಹಾರ ಸಹ್ಯಾದ್ರಿಯಲ್ಲಿದೆಯೆಂದು ಜಮಶೇಟಜಿಯವರು ಮನಗಂಡರು. ಬೀಳುವ ನೀರಿನಲ್ಲಿ ಶಕ್ತಿಯಿದೆಯೆಂಬ ವಿಚಾರ ನಾಗಪುರದ ದಿನಗಳಿಂದಲೂ ಅವರ ತಲೆಯಲ್ಲಿತ್ತು. ಆದರೆ ಆಗ ಆ ಶಕ್ತಿಯನ್ನು ದೂರ ಸಾಗಿಸುವ ವಿದ್ಯೆ ಇರಲಿಲ್ಲ. 1896ರಲ್ಲಿ ಅಮೇರಿಕದ ನಯಾಗರಾ ಜಲಪಾತದಿಂದ ಬಫಲೋ ನಗರಕ್ಕೆ ತಂತಿಯ ಮೂಲಕ ವಿದ್ಯುತ್ತು ಹರಿಯಿತು. ಆ ಬಳಿಕ ಈ ಕನಸು ಕನಸಾಗಿ ಉಳಿಯಬೇಕಾದ ಕಾರಣವಿರಲಿಲ್ಲ. ಮುಂಬಯಿಯ ವಾಸ್ತುಶಿಲ್ಪಿ ಡೇವಿಡ್ ಗೋಸ್ಲಿಂಗ್ ಅವರು ಲೋಣಾವಳೆಯ ಮಳೆನೀರಿನ ಕಡೆಗೆ ಅವರ ಗಮನವನ್ನು ಸೆಳೆದರು. ಎಂಜಿನಿಯರ್ ಜಾಯ್ನರ್ ಅವರು ಅದಕ್ಕೊಂದು ಯೋಜನೆಯ ರೂಪವನ್ನು ಕೊಟ್ಟರು.

ಇಲ್ಲಿ ನಾವು ಅಭಿಮಾನದಿಂದ ನೆನೆಯಬೇಕಾದ ಒಂದು ಸಂಗತಿಯುಂಟು. ಮುಂಬಯಿಯ ಶ್ರೀಮಂತರು ಇದನ್ನು ಯೋಚಿಸುತ್ತಿದ್ದಾಗಲೇ ನಮ್ಮ ಮೈಸೂರು ಸಂಸ್ಥಾನ ಅದನ್ನು ಮಾಡಿ ತೋರಿಸಿತ್ತು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯಿಂದ ಕಾವೇರಿಯ ಶಿವನಸಮುದ್ರದಲ್ಲಿ ಕಟ್ಟಿದ ವಿದ್ಯುದಾಗಾರದಿಂದ 1902ರ ಜೂನ್ ತಿಂಗಳಲ್ಲಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಅವರೂ ಬದುಕಿರಲಿಲ್ಲ, 1901ರಲ್ಲಿಯೇ ತೀರಿಕೊಂಡಿದ್ದರು. ಮರ ನೆಟ್ಟವರು ಹಣ್ಣು ತಿನ್ನದೆ ಹೋಗುವುದು ಇಂಥ ಕಾರ್ಯಗಳ ಹಣೆಬರಹವೋ ಏನೋ.

ಕನ್ನಡ ನಾಡಿಗೂ ಜಮಶೇಟಜಿಯವರಿಗೂ ಇದ್ದ ನಂಟು ಇಷ್ಟಕ್ಕೇ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಅವರು ಜಪಾನಿನ ಪದ್ಧತಿಯಲ್ಲಿ ರೇಷ್ಮೆ ಬೆಳೆಸುವ ತೋಟವನ್ನು ಮಾಡಿಸಿದರು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರು ಅದರ ಕುರುಹಾಗಿ ಉಳಿದಿದೆ. ಹಿರಿಯ ಮಗ ದೋರಾಬಜಿಯವರಿಗೆ ಅವರು ತಂದುಕೊಂಡ ಸೊಸೆ ಮೆಹರಬಾಯಿ, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಡಾ. ಭಾಭಾ ಅವರ ಮಗಳು. ವಿಜ್ಞಾನದ ಉಚ್ಚ ಸಂಶೋಧನೆಗಾಗಿ ಭಾರತದಲ್ಲಿ ಒಂದು ವಿದ್ಯಾಪೀಠವಾಗಬೇಕೆಂದು ಅವರು ಮುಂಬಯಿಯ ತಮ್ಮ ಆಸ್ತಿಯಲ್ಲಿ 30 ಲಕ್ಷ ರೂಪಾಯಿ ಬೆಲೆಬಾಳುವಷ್ಟನ್ನು ಮುಡಿಪಾಗಿಟ್ಟರು. ಮೈಸೂರು ಅರಸು ಮನೆತನವು ಬೆಂಗಳೂರಿನಲ್ಲಿ 371 ಎಕರೆ ನೆಲವನ್ನು ದಾನವಾಗಿ ಕೊಟ್ಟಿತು. 1909ರಲ್ಲಿ ಸ್ಥಾಪನೆಯಾಗಿ 1911ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಕಂಡ ಭಾರತೀಯ ವಿಜ್ಞಾನ ಸಂಸ್ಥೆ ಇದೇ. ಹಳೆಯ ಬೆಂಗಳೂರಿಗರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. ಮೊದಲು ತೆರೆದ ಶಾಖೆಗಳಲ್ಲಿ ವಿದ್ಯುತ್ ತಂತ್ರಜ್ಞಾನವೂ ಒಂದಾಗಿತ್ತೆಂಬುದು ಗಮನಿಸತಕ್ಕದ್ದು. ಮೋಡ, ಮಳೆ, ಭೂಮಿಯ ತಾಪಗಳ ಅಧ್ಯಯನವೂ ಈಗ ಅಲ್ಲಿ ನಡೆಯುತ್ತಿದೆ.

ಜಮಶೇಟಜಿಯವರಿಗೆ ಬಾಳಿನ ಕೊನೆಯಲ್ಲಿ ನಾಲ್ಕು ದೊಡ್ಡ ಹಂಬಲಗಳಿದ್ದವು: ಉಕ್ಕಿನ ಕಾರಖಾನೆ, ವಿಜ್ಞಾನದ ವಿದ್ಯಾಪೀಠ, ಜಲವಿದ್ಯುತ್ತು, ಮುಂಬಯಿಗೊಂದು ಉತ್ತಮ ಹೋಟೆಲು. ಕೊನೆಯದೊಂದೇ ಅವರ ಕಣ್ಣೆದುರು ಕೈಗೂಡಿತು. 1903ರ ಡಿಸೆಂಬರಿನಲ್ಲಿ ಅಪೋಲೋ ಬಂದರಿನ ತಾಜಮಹಲ ಹೋಟೆಲು ವಿದ್ಯುದ್ದೀಪಗಳಿಂದ ಬೆಳಗಿತು. 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮಿನಲ್ಲಿ ಅವರು ಕೊನೆಯುಸಿರೆಳೆದರು. ಇಂಗ್ಲಂಡಿನ ಬ್ರುಕ್‌ವುಡ್ ರುದ್ರಭೂಮಿಯಲ್ಲಿ ಅವರ ದೇಹವನ್ನು ಇಡಲಾಯಿತು. ಆಗ ಅವರಿಗೆ 65 ವರ್ಷ.

ತಂದೆಯ ಹಂಬಲವನ್ನು ಕೈಗೂಡಿಸಿದವರು ದೋರಾಬಜಿ ಟಾಟಾ. 1910ರ ನವೆಂಬರಿನಲ್ಲಿ ಟಾಟಾ ಜಲವಿದ್ಯುತ್ ಕಂಪನಿ ನೋಂದಣಿಯಾಯಿತು. ಮುಂಬಯಿಯ ಗವರ್ನರ್ ಸಿಡೆನ್‌ಹ್ಯಾಮ್ ಅವರು ಇದನ್ನು ಎತ್ತಿ ಹಿಡಿದರು. ಬಂಡವಾಳವನ್ನು ಭಾರತದಲ್ಲಿಯೇ ಕೂಡಿಸುವುದೆಂದಾಯಿತು. ಸಂಸ್ಥಾನಿಕರೂ ಮುಂದೆ ಬಂದರು. 1911ರ ಫೆಬ್ರುವರಿಯಲ್ಲಿ ಲೋಣಾವಳೆಯ ವಳವಣದಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. 1912ರಲ್ಲಿ ಮುಂಬಯಿ ಸರಕಾರ ಹೊಗೆಯ ಉಪದ್ರವವನ್ನು ತಡೆಯುವ ಕಾಯದೆಯನ್ನು ಮಾಡಿತು. 1915ರ ಫೆಬ್ರುವರಿಯಲ್ಲಿ ಗವರ್ನರ್ ವೆಲಿಂಗ್ಡನ್ ಅವರು ಗುಂಡಿಯನ್ನೊತ್ತಿದಾಗ ಖೋಪೋಲಿಯ ವಿದ್ಯುತ್ತು ನಲವತ್ತಕ್ಕೂ ಮಿಕ್ಕ ಮೈಲಿಗಳನ್ನು ದಾಟಿ ಮುಂಬಯಿಯ ಗಿರಣಿಗಳ ಕಡೆಗೆ ಹರಿಯಿತು.

ಇಲ್ಲಿ ಒಂದು ಮಾತನ್ನು ನಮ್ಮ ತರುಣ ಉದ್ದಿಮೆದಾರರು ವಿಚಾರ ಮಾಡಬೇಕು. ಒಬ್ಬ ವ್ಯಾಪಾರಿ ಕನಸು ಕಂಡ ಮಾತ್ರಕ್ಕೆ ಊರು ಬದಲಾಗುವುದಿಲ್ಲ. ಸಾವಿರಾರು ರೂಪಾಯಿ ಸುರಿದು ಉಗಿಯೆಂಜಿನುಗಳನ್ನು ಕೂಡಿಸಿಕೊಂಡಿದ್ದ ಗಿರಣಿಯ ಮಾಲಿಕನಿಗೆ ಅವನ್ನು ಕಿತ್ತೊಗೆಯೆಂದರೆ ಮನಸ್ಸು ಬಾರದು. ಹೊಸದು ಅಗ್ಗವಾಗಿರಬೇಕು, ನಂಬಿಕೆಗೆ ಅರ್ಹವಾಗಿರಬೇಕು; ಮೊದಲು ಹೇಳಿದವನೇ ಮೊದಲು ಮಾಡಿ ತೋರಿಸಬೇಕು; ಸರಕಾರ ಕಾಯದೆಯಿಂದ ದಾರಿ ಮಾಡಿಕೊಡಬೇಕು; ಜನ ತಮ್ಮ ಗಂಟನ್ನು ಬಿಚ್ಚಬೇಕು. ಈ ನಾಲ್ಕೂ ಕೂಡಿದ್ದರಿಂದ ಮುಂಬಯಿಯ ಗಿರಣಿಗಳು ಒಂದೊಂದಾಗಿ ವಿದ್ಯುತ್ತಿಗೆ ತಿರುಗಿದವು. ಬಣ್ಣ ಹಾಕುವುದಕ್ಕೆ, ಗಂಜಿ ಹಾಕುವುದಕ್ಕೆ ಉಗಿ ಬೇಕಾಗಿದ್ದರಿಂದ ಚಿಮಣಿಗಳು ಪೂರ್ತಿ ಆರಲಿಲ್ಲ. ಆದರೂ ಕದಿರು ಮಗ್ಗಗಳನ್ನು ತಿರುಗಿಸುವ ಕೆಲಸ ಘಟ್ಟದ ನೀರಿನ ಪಾಲಿಗೆ ಬಂತು. 1922ರಲ್ಲಿ ಭಿವಪುರಿ, 1927ರಲ್ಲಿ ಭೀರಾ ವಿದ್ಯುದಾಗಾರಗಳು ಖೋಪೋಲಿಯ ಜೊತೆಗೂಡಿದವು.

ಇಷ್ಟನ್ನೇ ಹೇಳಿ ಮುಗಿಸಿದರೆ ನಮ್ಮ ಬರಹ ಬರಿಯ ಹೊಗಳಿಕೆಯಾದೀತು. ನಾಣ್ಯದ ಮತ್ತೊಂದು ಮುಖವನ್ನೂ ತಿರುಗಿಸಿ ನೋಡಬೇಕು. ಭೀರಾದ ವಿದ್ಯುದಾಗಾರಕ್ಕಾಗಿ ಪುಣೆ ಜಿಲ್ಲೆಯ ಮುಳಶಿಯಲ್ಲಿ ಅಣೆಕಟ್ಟು ಕಟ್ಟುವಾಗ ಆ ಕಣಿವೆಯ ಮಾವಳ ರೈತರ ಹಳ್ಳಿಗಳೂ ಭತ್ತದ ಗದ್ದೆಗಳೂ ನೀರಿನ ಪಾಲಾಗಬೇಕಾಯಿತು. ಅವರನ್ನು ಯಾರೂ ಮೊದಲಾಗಿ ಕೇಳಿರಲಿಲ್ಲ. 1921ರ ಏಪ್ರಿಲಿನಲ್ಲಿ ಅವರು ಸತ್ಯಾಗ್ರಹ ಹೂಡಿದರು. ಪಾಂಡುರಂಗ ಮಹಾದೇವ ಬಾಪಟರು ಅದರ ಮುಂದಾಳಾಗಿ ಸೆರೆಮನೆಯನ್ನು ಕಂಡರು. ಸೇನಾಪತಿ ಎಂಬ ಬಿರುದು ಅವರಿಗೆ ಅಂಟಿಕೊಂಡದ್ದು ಅಲ್ಲಿಂದಲೇ. ಮೂರು ವರ್ಷಗಳ ಹೋರಾಟ ಸೋತಿತು, ಅಣೆಕಟ್ಟು ಗೆದ್ದಿತು. ಆಗ ಜಮಶೇಟಜಿಯವರು ಕಾಲವಾಗಿ 17 ವರ್ಷಗಳಾಗಿದ್ದವು; ಆ ಹೊಣೆಯನ್ನು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಕೆಲಸಗಾರನಿಗೆ ಪಿಂಚಣಿ ನಿಧಿಯನ್ನು ಯೋಚಿಸಿದ, ಉಕ್ಕಿನ ಊರು ಹುಟ್ಟುವ ಮೊದಲೇ ಅದರ ಬೀದಿಗಳಿಗೆ ನೆರಳಿನ ಮರಗಳನ್ನು ನೆಡಬೇಕೆಂದು 1902ರಲ್ಲಿ ಮಗನಿಗೆ ಕಾಗದ ಬರೆದ ಆ ಹಿರಿಯ ಜೀವ ಅಂದು ಇದ್ದಿದ್ದರೆ, ಮುಳಶಿಯ ರೈತನ ಗುಡಿಸಲಿನಲ್ಲಿ ಕುಳಿತು ಒಂದು ಮಾತಾದರೂ ಆಡುತ್ತಿತ್ತೇನೋ ಎಂದು ನಮಗೆ ಅನಿಸದೆ ಇರದು.

ಮತ್ತೊಂದು ಸಂಗತಿ ನಮಗೆ, ಅದರಲ್ಲೂ ವಿಜಯಪುರ ಕಲಬುರಗಿಗಳ ಕಡೆಯಿಂದ ಬಂದವರಿಗೆ, ಇನ್ನೂ ಹತ್ತಿರದ್ದು. ಈ ಕೆರೆಗಳ ನೀರು ಹುಟ್ಟಿನಿಂದ ಪಡುವಣ ಕಡಲಿನದಲ್ಲ. ಅದು ಇಂದ್ರಾಯಣಿಯ, ಮುಳೆಯ ನೀರು. ಮೂಡಣಕ್ಕೆ ಹರಿದು ಭೀಮೆಯನ್ನು ಕೂಡಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ಗಾಣಗಾಪುರವನ್ನು ಹಾದು ಕೃಷ್ಣೆಯನ್ನು ಸೇರಬೇಕಾದ ನೀರು. ಅದನ್ನು ಪಡುವಣಕ್ಕೆ ತಿರುಗಿಸಿ ಕೊಂಕಣಕ್ಕೆ ಧುಮುಕಿಸಿದ್ದರಿಂದ ಮುಂಬಯಿಗೆ ವಿದ್ಯುತ್ತು ಸಿಕ್ಕಿತು. ಇಂಥ ತಿರುವಿಗೆ ಒಂದು ಮಿತಿಯಿರಬೇಕೆಂಬುದನ್ನು 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಲಿಯೂ ಪರಿಗಣಿಸಿ ಮಿತಿಯನ್ನು ಹಾಕಬೇಕಾಯಿತು. ಭೀಮಾತೀರದಲ್ಲಿ ಬರ ಬಿದ್ದಾಗ ಗಂಟುಮೂಟೆ ಕಟ್ಟಿ ಮುಂಬಯಿಗೆ ಬಂದ ನಮ್ಮ ಹಿರಿಯರು, ಇಲ್ಲಿಯ ಚಾಳಿನಲ್ಲಿ ದೀಪದ ಗುಂಡಿಯನ್ನೊತ್ತಿದಾಗ ಉರಿದದ್ದು ತಮ್ಮ ಹೊಲದ ಮಗ್ಗುಲಲ್ಲಿ ಹರಿಯಬೇಕಾಗಿದ್ದ ನೀರೇ ಆಗಿರಬಹುದೆಂಬುದನ್ನು ಅರಿತಿದ್ದರೋ ಇಲ್ಲವೋ. ಇದನ್ನು ದೂರಲೆಂದು ನಾವು ಹೇಳುತ್ತಿಲ್ಲ. ಹೊಗೆಯಿಲ್ಲದ ಶಕ್ತಿಯೂ ಪುಕ್ಕಟೆಯಲ್ಲ, ಯಾರೋ ಎಲ್ಲಿಯೋ ಅದರ ಬೆಲೆಯನ್ನು ತೆತ್ತಿರುತ್ತಾರೆ ಎಂಬುದನ್ನು ನೆನಪಿಡಲಿಕ್ಕಾಗಿ ಹೇಳುತ್ತಿದ್ದೇವೆ.

ಜಮಶೇಟಜಿಯವರ ಕಾಲದಲ್ಲಿ ಕಲ್ಲಿದ್ದಲಿನ ಕೆಡುಕೆಂದರೆ ಅದರ ಬೆಲೆ ಮತ್ತು ಮಸಿ, ಅಷ್ಟೇ. ಇಂಗಾಲದ ಅನಿಲ ಹೆಚ್ಚಿದರೆ ಭೂಮಿಯೇ ಕಾಯುವುದೆಂದು ಸ್ವೀಡನ್ನಿನ ವಿಜ್ಞಾನಿ ಅರ್ಹೇನಿಯಸ್ 1896ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರೂ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಜಮಶೇಟಜಿಯವರ ಮತ್ತೊಂದು ಕನಸಾದ ಉಕ್ಕು ಕಲ್ಲಿದ್ದಲಿಲ್ಲದೆ ಹುಟ್ಟುವಂತಿರಲಿಲ್ಲ. 1912ರಲ್ಲಿ ಜಮಶೇಟಪುರದ ಕುಲುಮೆಯಿಂದ ಹೊರಬಂದ ಉಕ್ಕು ಕಲ್ಲಿದ್ದಲಿನ ಕೂಸೇ. ಮುಂಬಯಿಯೂ ಬೆಳೆಯಿತು, ಘಟ್ಟದ ನೀರು ಸಾಲದಾಯಿತು. 1956ರಲ್ಲಿ ತುರ್ಭೆಯ ಕಡಲತಡಿಯಲ್ಲಿ ಇಂಧನ ಸುಡುವ ವಿದ್ಯುದಾಗಾರ ತಲೆಯೆತ್ತಿತು. ಇಂದು ಬೇಸಗೆಯಲ್ಲಿ ಈ ನಗರ ಒಮ್ಮೆಲೇ ಬೇಡುವ ವಿದ್ಯುತ್ತು ಸುಮಾರು 4,000 ಮೆಗಾವಾಟ್. ಆ ಮೂರು ಹಳೆಯ ಜಲವಿದ್ಯುದಾಗಾರಗಳು ಕೂಡಿ ಕೊಡಬಲ್ಲದ್ದು ಸುಮಾರು 450. ಗಿರಣಿಗಳಂತೂ 1982ರ ಮಹಾಮುಷ್ಕರದ ಬಳಿಕ ಒಂದೊಂದಾಗಿ ಮುಚ್ಚಿದವು. ಗಗನಚುಂಬಿ ಮನೆಗಳ ನಡುವೆ ಅಲ್ಲೊಂದು ಇಲ್ಲೊಂದು ಚಿಮಣಿ ಹೊಗೆಯಿಲ್ಲದೆ ನಿಂತಿದೆ.

ಹಳೆಯ ಪ್ರಶ್ನೆ ಈಗ ಹೊಸ ವೇಷದಲ್ಲಿ ಮರಳಿ ಬಂದಿದೆ. 2021ರಲ್ಲಿ ಗ್ಲಾಸ್ಗೋ ಸಮ್ಮೇಲನದಲ್ಲಿ ಭಾರತವು 2070ರೊಳಗೆ ಇಂಗಾಲದ ಜಮಾಖರ್ಚನ್ನು ಸರಿದೂಗಿಸುವುದಾಗಿ ಜಗತ್ತಿಗೆ ಮಾತು ಕೊಟ್ಟಿತು. 2022ರಲ್ಲಿ ಮುಂಬಯಿ ಮಹಾನಗರಪಾಲಿಕೆ ಅದೇ ಗುರಿಯನ್ನು 2050ಕ್ಕೆ ಇಟ್ಟುಕೊಂಡಿತು. ಅದೇ ವರ್ಷ ಟಾಟಾ ಸಮೂಹ 2045ನ್ನು ತನ್ನ ಗಡುವೆಂದು ಸಾರಿತು. ಹಗಲಿನ ಬಿಸಿಲಿನಿಂದ ಪಡೆದ ವಿದ್ಯುತ್ತಿನಿಂದ ನೀರನ್ನು ಗುಡ್ಡದ ಮೇಲಕ್ಕೆತ್ತಿ, ರಾತ್ರಿ ಬೇಕಾದಾಗ ಇಳಿಸಿ ಶಕ್ತಿ ಪಡೆಯುವ ಎರಡು ದೊಡ್ಡ ಯೋಜನೆಗಳಿಗೆ ಭಿವಪುರಿ, ಶಿರವತೆಗಳಲ್ಲಿ ಸ್ಥಳ ಗೊತ್ತುಮಾಡಿ 2023ರಲ್ಲಿ ಮಹಾರಾಷ್ಟ್ರ ಸರಕಾರದೊಡನೆ ಒಪ್ಪಂದವೂ ಆಗಿದೆ. ಬ್ರಿಟನ್ನಿನ ಪೋರ್ಟ್ ಟಾಲ್ಬಟ್ಟಿನಲ್ಲಿ ಟಾಟಾ ಉಕ್ಕಿನ ಕೊನೆಯ ಕಲ್ಲಿದ್ದಲ ಕುಲುಮೆ 2024ರ ಸೆಪ್ಟೆಂಬರಿನಲ್ಲಿ ಆರಿತು, ಅದರ ಬದಲು ವಿದ್ಯುತ್ ಕುಲುಮೆ ಬರುವುದೆಂದಾಗಿದೆ. ಆದರೆ ಸಾವಿರಾರು ಕೆಲಸಗಾರರು ಕೆಲಸ ಕಳೆದುಕೊಂಡರು. ಹೊಗೆ ನಿಂತದ್ದು ನಿಜ. ಬೆಲೆ ತೆತ್ತವರು ಇದ್ದದ್ದೂ ನಿಜ.

ಆದುದರಿಂದ ಜಮಶೇಟಜಿಯವರ ಜೀವನದಿಂದ ನಾವು ತೆಗೆದುಕೊಳ್ಳಬೇಕಾದ ಪಾಠ ಎರಡು ಮುಖದ್ದು. ಮೊದಲನೆಯದು, ಲಾಭವನ್ನೂ ಲೋಕಹಿತವನ್ನೂ ಒಂದೇ ನೊಗಕ್ಕೆ ಕಟ್ಟಬಲ್ಲ ವ್ಯಾಪಾರಿ ಊರಿನ ಭಾಗ್ಯ. ಹೋಟೆಲು, ಅಂಗಡಿ, ಕಾರಖಾನೆಗಳನ್ನು ನಡೆಸುವ ನಮ್ಮ ಕನ್ನಡ ಬಂಧುಗಳು ತಮ್ಮ ತಮ್ಮ ಅಳತೆಯಲ್ಲಿ ಅದನ್ನು ಮಾಡಬಲ್ಲರು, ಮಾಡಬೇಕು. ಎರಡನೆಯದು, ಒಳ್ಳೆಯ ಕೆಲಸವೆಂದ ಮಾತ್ರಕ್ಕೆ ಅದರ ಖರ್ಚನ್ನು ಮಾತಿಲ್ಲದವನ ಹೆಗಲಿಗೆ ಹೊರಿಸುವ ಹಕ್ಕು ಯಾರಿಗೂ ಬರುವುದಿಲ್ಲ. ಚಾಳಿನ ಮಸಿಯನ್ನು ಲೆಕ್ಕಕ್ಕೆ ಹಿಡಿಯದ ಗಿರಣಿಯೂ ತಪ್ಪಿತು. ಮುಳಶಿಯ ಗದ್ದೆಯನ್ನು ಲೆಕ್ಕಕ್ಕೆ ಹಿಡಿಯದ ಅಣೆಕಟ್ಟೂ ತಪ್ಪಿತು.

ಮುಂದಿನ ಸಲ ಊರಿನಿಂದ ಮರಳುವಾಗ ಮಕ್ಕಳನ್ನು ಬಸ್ಸಿನ ಕಿಟಕಿಯ ಮಗ್ಗುಲಲ್ಲಿ ಕೂಡ್ರಿಸಿಕೊಳ್ಳಿರಿ. ಖೋಪೋಲಿಯ ಆ ಕೊಳವೆಗಳನ್ನು ತೋರಿಸಿ, ನವಸಾರಿಯಿಂದ ಬಂದ ಒಬ್ಬ ಹುಡುಗನ ಕಥೆಯನ್ನು ಹೇಳಿರಿ. ಮುಳಶಿಯ ರೈತರ ಕಥೆಯನ್ನೂ, ಭೀಮೆಯ ನೀರಿನ ಕಥೆಯನ್ನೂ ಜೊತೆಗೇ ಹೇಳಿರಿ. ಎರಡನ್ನೂ ಕೇಳಿ ಬೆಳೆದ ಮಕ್ಕಳು ನಾಳೆ ಈ ನಗರದಲ್ಲಾಗಲಿ ನಮ್ಮ ಕರ್ನಾಟಕದಲ್ಲಾಗಲಿ ಯಾವ ಉದ್ದಿಮೆಯನ್ನು ಕಟ್ಟಿದರೂ, ಅದರ ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಬೀಳುತ್ತದೆ ಎಂಬುದನ್ನು ಕೂಡಿಯೇ ನೋಡುವರೆಂದು ನಾವು ನಂಬಿದ್ದೇವೆ.